ಮಾವನ ಪಿಸ್ತೂಲು, ಅಳಿಯನ ಗುಂಡು

ಆ ಮನೆಯಲ್ಲಿ ಉಪ್ಪಿನ ಡಬ್ಬಿ ಮೇಜಿನ ಈ ತುದಿಯಿಂದ ಆ ತುದಿಗೆ ಹೋಗಬೇಕಾದರೆ ನಡುವೆ ಒಬ್ಬ ದೂತೆ ಬೇಕಾಗಿತ್ತು.

"ಮಗಳೇ, ಉಪ್ಪು ಆ ಕಡೆ ಇದೆಯಾ ಕೇಳು," ಎನ್ನುತ್ತಿದ್ದರು ಅಪ್ಪ.

"ಇದೆ ಅಂತ ಹೇಳು," ಎನ್ನುತ್ತಿದ್ದ ಗಂಡ.

"ಹಾಗಾದ್ರೆ ಕೊಡೋಕೆ ಹೇಳು."

"ಕೈ ಚಾಚಿದ್ರೆ ಸಿಗುತ್ತೆ ಅಂತ ಹೇಳು."

ಅಷ್ಟರಲ್ಲಿ ಬೇಯಿಸಿದ ಮೊಟ್ಟೆ ಆರಿ ಕಲ್ಲಾಗಿರುತ್ತಿತ್ತು. ನಡುವೆ ಕೂತಿದ್ದ ಮಗಳು ಪೇಟೆಯಲ್ಲಿ ಕನ್ನಡಕದಂಗಡಿ ಇಟ್ಟವಳು. ದಿನವಿಡೀ "ಈ ಅಕ್ಷರ ಕಾಣುತ್ತಾ, ಈಗ ಕಾಣುತ್ತಾ" ಎಂದು ಜನರನ್ನು ಕೇಳಿ ಕೇಳಿ ದವಡೆ ನೋಯಿಸಿಕೊಂಡು ಬಂದರೆ ಮನೆಯಲ್ಲಿ ಈ ಅಂಚೆ ಕೆಲಸ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂದರು ಹಿರಿಯರು. ಮಾವ ಅಳಿಯನ ಜಗಳದಲ್ಲಿ ಬಡವಾಗುವವರು ಯಾರು ಎಂಬುದನ್ನು ಮಾತ್ರ ಹೇಳದೆ ಜಾರಿಕೊಂಡರು. ಇವಳೇನೂ ಬಡವಾಗಲಿಲ್ಲ. ಇಬ್ಬರೂ ಮುನಿಸಿಕೊಂಡು ಅರ್ಧಕ್ಕೆ ಬಿಟ್ಟೆದ್ದ ತಟ್ಟೆಗಳನ್ನು ಖಾಲಿ ಮಾಡಿ ಮಾಡಿ ಸೊಂಟದ ಸುತ್ತ ಒಂದು ಸುತ್ತು ಹೆಚ್ಚೇ ಆಗಿದ್ದಳು.

ಜಗಳಕ್ಕೆ ಕಾರಣ ಆಸ್ತಿಯೂ ಅಲ್ಲ, ಅಂತಸ್ತೂ ಅಲ್ಲ. ಕಿರುಬೆರಳಿನ ಅರ್ಧದಷ್ಟು ಉದ್ದದ ಪಿಸ್ತೂಲಿನ ಗುಂಡು.

ಅಪ್ಪ ತೂಕ-ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿ ನಿವೃತ್ತರಾದವರು. ತಕ್ಕಡಿ, ತೂಕದ ಬೊಟ್ಟು, ಲೀಟರು ಪಾತ್ರೆ, ಏನೇ ಇರಲಿ, ತಿರುಗಿಸಿ ತಳದ ಸರ್ಕಾರಿ ಮುದ್ರೆ ನೋಡದೆ ನಂಬಿದವರಲ್ಲ. ಅಮ್ಮ ತೀರಿಕೊಂಡ ಮೇಲೆ ಒಂದು ತಗಡಿನ ಟ್ರಂಕು, ಒಂದು ಹಳೆಯ ಪಿಸ್ತೂಲು ಹಿಡಿದುಕೊಂಡು ಮಗಳ ಮನೆಗೆ ಬಂದರು. ಪಿಸ್ತೂಲು ಯಾರನ್ನೂ ಕೊಲ್ಲುವುದಕ್ಕಲ್ಲ, ಭಾನುವಾರ ಕ್ಲಬ್ಬಿನಲ್ಲಿ ಕಾಗದದ ಗುರಿಗೆ ಹೊಡೆಯುವುದಕ್ಕೆ. ಅಳಿಯನಿಗೂ ಆ ಹುಚ್ಚು ಹಿಡಿಸಿದವರು ಅವರೇ. ಅಳಿಯನದು ಮೊಳೆ, ಸ್ಕ್ರೂ, ಬೀಗ ಮಾರುವ ಹಾರ್ಡ್‌ವೇರ್ ಅಂಗಡಿ. ಅವನು ಹೊಚ್ಚ ಹೊಸ ಪಿಸ್ತೂಲು ಕೊಂಡ. ಅಪ್ಪನ ಪಿಸ್ತೂಲನ್ನು ಕ್ಲಬ್ಬಿನವರು 'ಅಜ್ಜಿ' ಎಂದು ಕರೆದರೆ, ಇವನದಕ್ಕೆ 'ಮದುಮಗಳು' ಎಂದು ಹೆಸರಿಟ್ಟರು. ಮಾವ ಅಳಿಯ ಭಾನುವಾರ ಬೆಳಗ್ಗೆ ಒಂದೇ ಕಾರಿನಲ್ಲಿ ಹೋಗಿ, ಮಧ್ಯಾಹ್ನ ಒಂದೇ ಬಾಯಿಯಲ್ಲಿ ಹರಟುತ್ತ ಬರುತ್ತಿದ್ದ ಕಾಲವೂ ಇತ್ತು. ಆ ಹರಟೆ ಕೇಳಲಾರದೆ ತಲೆನೋವಿನ ಮಾತ್ರೆ ನುಂಗಿದ್ದುಂಟು ಅವಳು. ಈಗ ಅದೇ ತಲೆನೋವಿಗಾಗಿ ಹಂಬಲಿಸುತ್ತಿದ್ದಳು.

ಬೇಸಿಗೆಯ ಒಂದು ರಾತ್ರಿ ಊಟಕ್ಕೆ ಕೂತಾಗ ಅಪ್ಪ ಹೊಸ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟರು. ಮ್ಯಾಚ್ ಗುಂಡು. ಪಂದ್ಯಕ್ಕೆಂದೇ ಮಾಡಿದ್ದು, ಪ್ರತಿ ಸಲ ತಯಾರಾದ ಸರಕನ್ನೂ ಪರೀಕ್ಷಿಸಿ, ಡಬ್ಬಿಯ ಮೇಲೆ ಪರೀಕ್ಷೆಯ ಮುದ್ರೆ ಒತ್ತಿದ್ದು. ಇನ್ನು ಮೇಲೆ ತಾವು ಇದನ್ನಲ್ಲದೆ ಬೇರೆ ಮುಟ್ಟುವುದಿಲ್ಲ ಎಂದರು. ಅಳಿಯ ಬಾಯಿ ಮುಚ್ಚಿಕೊಂಡು ಊಟ ಮಾಡಬಹುದಿತ್ತು.

"ಮಾವ, ಸಾದಾ ಗುಂಡೂ ಇದೂ ಒಂದೇ. ಡಬ್ಬಿ ಮಾತ್ರ ಬೇರೆ. ನಮ್ಮ ವ್ಯಾಪಾರದಲ್ಲಿ ಒಂದೇ ಸ್ಕ್ರೂನ ಎರಡು ಡಬ್ಬೀಲಿ ಹಾಕಿ ಮಾರ್ತಾರೆ."

"ಮಾರೋರು ಯಾರಪ್ಪ?" ಅಂದರು ಅಪ್ಪ.

ಚುಚ್ಚಿದ್ದು ಸರಿಯಾದ ಜಾಗಕ್ಕೇ ತಗುಲಿತು. ಅಳಿಯ ಕೆಂಪಾದ. "ನೀವು ಜೀವಮಾನವೆಲ್ಲಾ ಮುದ್ರೆ ನೋಡಿದ್ರೇ ಹೊರತು ತೂಕ ನೋಡ್ಲಿಲ್ಲ," ಎಂದುಬಿಟ್ಟ.

"ಮುದ್ರೆ ಅಂತ ಮಾಡಿರೋದೇ ನಿಮ್ಮಂಥ ಅಂಗಡಿಯವರಿಂದ ಜನ ಬದುಕ್ಕೊಳ್ಳಲಿ ಅಂತ," ಎಂದು ಅಪ್ಪ ಎದ್ದು ಕೈ ತೊಳೆದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವತ್ತಿನಿಂದ 'ಅಳಿಯಂದ್ರು' ಹೋಗಿ 'ನಿನ್ನ ಗಂಡ' ಬಂದ. 'ಮಾವ' ಹೋಗಿ 'ನಿಮ್ಮಪ್ಪ' ಬಂದರು.

ಇದರಲ್ಲಿ ನಗು ಬರಿಸುವ ವಿಷಯವೆಂದರೆ, ಪಿಸ್ತೂಲುಗಳಿಗೆ ತಮ್ಮ ಯಜಮಾನರ ಸಿದ್ಧಾಂತದ ಬಗ್ಗೆ ಕಾಸಿನಷ್ಟೂ ಗೌರವ ಇರಲಿಲ್ಲ. ಅಜ್ಜಿ ಹಳೆಯ ಕಾಲದವಳು, ಮೈಭಾರದವಳು. ಮ್ಯಾಚ್ ಗುಂಡು ನಯವಾಗಿ, ಮೆತ್ತಗೆ ಸಿಡಿಯುತ್ತದೆ; ಅಷ್ಟು ಮೆತ್ತಗಿನ ಒದೆತಕ್ಕೆ ಅವಳ ಮೇಲಿನ ಉಕ್ಕಿನ ತುಂಡು ಪೂರ್ತಿ ಹಿಂದೆ ಸರಿಯುತ್ತಿರಲಿಲ್ಲ. ಸುಟ್ಟ ಖಾಲಿ ಕೊಳವೆ ಹೊರಗೆ ಹಾರದೆ ಬಾಯಲ್ಲೇ ಕಚ್ಚಿಕೊಂಡು ನಿಲ್ಲುತ್ತಿತ್ತು. ಜೋರಾಗಿ ಒದೆಯುವ ಸಾದಾ ಗುಂಡು ಕೊಟ್ಟರೆ ಒಂದಾದ ಮೇಲೊಂದು ತಿಂದು ತೇಗುತ್ತಿದ್ದಳು. ಮದುಮಗಳು ಅದಕ್ಕೆ ತದ್ವಿರುದ್ಧ. ಅವಳ ಗಂಟಲು ಬಲು ಬಿಗಿ. ಸಾದಾ ಗುಂಡಿನ ಒರಟು ಮೈ, ಅದರ ಮೇಲಿನ ಮೇಣ, ಮಸಿ ಯಾವುದೂ ಅವಳಿಗೆ ಇಳಿಯದು. ಅರ್ಧಕ್ಕೆ ಸಿಕ್ಕಿಕೊಂಡು, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವ ಹಾಗೆ ನಿಂತುಬಿಡುವಳು. ಮ್ಯಾಚ್ ಗುಂಡನ್ನಾದರೆ ಕಣ್ಣು ಮುಚ್ಚಿ ನುಂಗಿಯಾಳು.

ಮುದ್ರೆ ನಂಬುವ ಮಾವನ ಕೈಲಿ ಸಾದಾ ಗುಂಡು ಬೇಡುವ ಪಿಸ್ತೂಲು, ಎಲ್ಲಾ ಒಂದೇ ಎನ್ನುವ ಅಳಿಯನ ಕೈಲಿ ಮ್ಯಾಚ್ ಗುಂಡೇ ಬೇಕೆನ್ನುವ ಪಿಸ್ತೂಲು. ಇದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕ್ಲಬ್ಬಿನಲ್ಲಿ ಬೇರೆ ಯಾರೂ ಒಪ್ಪದ ರೇಂಜ್ ಅಧಿಕಾರಿಯ, ಅಂದರೆ ಗುಂಡು ಹೊಡೆಯುವವರ ಮೇಲೆ ಕಣ್ಣಿಡುವ ಕೆಲಸ ಅವಳದೇ. ಭಾನುವಾರ ಭಾನುವಾರ ಇಬ್ಬರ ಬೆನ್ನ ಹಿಂದೆ ನಿಂತು, ಸಿಕ್ಕಿಕೊಂಡ ಗುಂಡು ಬಿಡಿಸುವುದನ್ನು ನೋಡಿದ್ದಳು. ಒಮ್ಮೆ ಬಾಯಿಬಿಟ್ಟು ಹೇಳಿಯೂ ನೋಡಿದಳು.

"ಅಪ್ಪ, ಅಜ್ಜಿಗೆ ಸಾದಾ ಗುಂಡು ಹಾಕಿ ನೋಡಬಾರದಾ?"

"ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ? ಅಭ್ಯಾಸ ಆಗ್ಬೇಕು. ನಿನ್ನ ಗಂಡಂಗೆ ಹೇಳು, ಅವರ ಸರಕಿಗೆ ನಿನ್ನ ಕೈಲಿ ಜಾಹೀರಾತು ಕೊಡಿಸ್ಬೇಕಾಗಿಲ್ಲ ಅಂತ."

ಗಂಡನಿಗೆ ಮ್ಯಾಚ್ ಗುಂಡಿನ ಮಾತೆತ್ತಿದರೆ, "ನಿಮ್ಮಪ್ಪ ಕಳ್ಸಿದ್ರಾ?" ಎಂದು ಬೀಗದ ಕೈ ಉಜ್ಜುತ್ತ ಕೂತ. ಎತ್ತು ಏರಿಗೆಳೆದರೆ ಕೋಣ ನೀರಿಗೆ.

ಇಷ್ಟಕ್ಕೇ ನಿಂತಿದ್ದರೆ ಹೇಗೋ ಸಹಿಸಿಕೊಂಡು ಹೋಗುತ್ತಿದ್ದಳು. ಆದರೆ ವರ್ಷದ ಜೋಡಿ ಪಂದ್ಯಕ್ಕೆ ಕೆಲವೇ ದಿನ ಇರುವಾಗ ಅಪ್ಪ ತಟ್ಟೆಯ ಮುಂದೆ ಕೂತು, ಗೋಡೆ ನೋಡುತ್ತ ಅಂದರು: "ಮಗಳೇ, ನಿನ್ನ ಗಂಡಂಗೆ ಹೇಳಿಬಿಡು. ಕ್ಷೌರದಂಗಡಿ ಮಹಡೀಲಿ ಒಂದು ಕೋಣೆ ನೋಡಿದ್ದೀನಿ. ಪಂದ್ಯ ಮುಗಿದ ಮಾರನೇ ದಿನ ಹೋಗ್ತೀನಿ."

ಗಂಡ ಚಮಚ ಕೆಳಗಿಟ್ಟ. ಹೆಂಡತಿಯ ಮುಖ ನೋಡಿದ, "ಅವರಿಷ್ಟ ಅಂತ ಹೇಳು," ಅಂದ. ಅವನ ದನಿ ಸರಿ ಇರಲಿಲ್ಲ. ಅಪ್ಪ ಅಟ್ಟದಿಂದ ಟ್ರಂಕನ್ನು ತಾವೇ ಇಳಿಸಿಕೊಂಡು, ಧೂಳು ಒರೆಸಿ, ಹಜಾರದ ನಟ್ಟನಡುವೆ ಎಲ್ಲರೂ ಎಡವುವ ಹಾಗೆ ಇಟ್ಟರು. ಎಡವಿದಾಗಲೆಲ್ಲ ಅವಳಿಗೆ ಅಳು ಬರುತ್ತಿತ್ತು, ಕಾಲಿನ ನೋವಿಗಲ್ಲ. ಅಪ್ಪ ಒಂಟಿ ಕೋಣೆಯಲ್ಲಿ ತಾವೇ ಮೊಟ್ಟೆ ಬೇಯಿಸಿಕೊಂಡು, ಉಪ್ಪು ಕೇಳಲು ಯಾರೂ ಇಲ್ಲದೆ ಕೂರುವುದೇ ಕಣ್ಣ ಮುಂದೆ ಬರುತ್ತಿತ್ತು.

ಜೋಡಿ ಪಂದ್ಯಕ್ಕೆ ಇಬ್ಬರ ಹೆಸರನ್ನೂ ಒಟ್ಟಿಗೆ ಕೊಟ್ಟವಳು ಅವಳೇ. ಒಟ್ಟಿಗೆ ಗೆದ್ದರೆ ಒಂದು ನಗುವಾದರೂ ಬಂದೀತು, ನಗು ಬಂದರೆ ಮಾತು ಬಂದೀತು ಎಂದು ಲೆಕ್ಕ. ಆದರೆ ಇಬ್ಬರ ಪಿಸ್ತೂಲೂ ಕಚ್ಚಿಕೊಂಡು ನಿಂತರೆ ಗೆಲ್ಲುವುದು ಎಲ್ಲಿಂದ ಬಂತು?

ಪಂದ್ಯದ ಬೆಳಗ್ಗೆ ಅಡುಗೆಮನೆಯ ಮೇಜಿನ ಮೇಲೆ ಎರಡು ಚೀಲಗಳು ಪಕ್ಕಪಕ್ಕ ಇದ್ದವು. ಅಪ್ಪ ಸ್ನಾನಕ್ಕೆ ಹೋಗಿದ್ದರು, ಗಂಡ ಕಾರು ಒರೆಸುತ್ತಿದ್ದ. ಅವಳಿಗೆ ಥಟ್ಟನೆ ಒಂದು ಉಪಾಯ ಹೊಳೆಯಿತು. ಗುಂಡುಗಳು ಡಬ್ಬಿಯೊಳಗೆ ಸಣ್ಣ ಸಣ್ಣ ಗೂಡುಗಳಿರುವ ಪ್ಲಾಸ್ಟಿಕ್ ತಟ್ಟೆಯಲ್ಲಿ ತಲೆಕೆಳಗಾಗಿ ನಿಂತಿರುತ್ತವೆ. ತಟ್ಟೆಯನ್ನು ಬೆಂಕಿಪೊಟ್ಟಣದ ಹಾಗೆ ಹೊರಗೆ ಜಾರಿಸಬಹುದು. ಅಪ್ಪನ ಮ್ಯಾಚ್ ಡಬ್ಬಿಯ ತಟ್ಟೆಯನ್ನು ಗಂಡನ ಸಾದಾ ಡಬ್ಬಿಗೆ, ಗಂಡನದನ್ನು ಅಪ್ಪನ ಡಬ್ಬಿಗೆ ಜಾರಿಸಿದಳು. ಊಟ ತನ್ನಿಚ್ಛೆ, ನೋಟ ಪರರಿಚ್ಛೆ: ಡಬ್ಬಿ ಯಜಮಾನನ ಇಷ್ಟದ್ದು, ಗುಂಡು ಪಿಸ್ತೂಲಿನ ಇಷ್ಟದ್ದು. ಚೀಲದ ಜಿಪ್ ಎಳೆದು, ತನ್ನ ಬುದ್ಧಿಗೆ ತಾನೇ ಮೆಚ್ಚಿ ಒಂದು ಲೋಟ ಚಹಾ ಹೆಚ್ಚಿಗೆ ಕುಡಿದಳು.

ಪ್ರತಿ ಗುಂಡಿನ ತಳದಲ್ಲೂ ಅದರ ಜಾತಿ ಹೇಳುವ ಎರಡು ಪುಟ್ಟ ಅಕ್ಷರ ಕೊರೆದಿರುತ್ತದೆ. ಊರಿನವರಿಗೆಲ್ಲ ಸಣ್ಣಕ್ಷರ ಓದಿಸುವ ಆ ಮಹಾತಾಯಿ ಅದನ್ನು ಓದಲಿಲ್ಲ.

ಕ್ಲಬ್ಬು ಎಂದರೆ ಒಂದು ಉದ್ದನೆಯ ತಗಡಿನ ಶೆಡ್ಡು, ಆಚೆ ತುದಿಯಲ್ಲಿ ಮಣ್ಣಿನ ದಿಬ್ಬ, ಈಚೆ ತುದಿಯಲ್ಲಿ ನಿಂತು ಗುಂಡು ಹೊಡೆಯಲು ಹಸಿರು ಬಣ್ಣದ ಮರದ ಕಟಕಟೆಗಳ ಸಾಲು. ಬಾಗಿಲ ಬಳಿ ಉಗ್ರಾಣ. ಅದನ್ನು ನೋಡಿಕೊಳ್ಳುವವನು ಸೊಂಟದ ತುಂಬ ಬೀಗದ ಕೈ ನೇತುಹಾಕಿಕೊಂಡು ಓಡಾಡುವುದರಿಂದ ಎಲ್ಲರಿಗೂ ಬೀಗದಣ್ಣ. ಅವಳು ಕಿವಿಮುಚ್ಚುಗ, ಸೀಟಿ ತೆಗೆದುಕೊಳ್ಳಲು ಹೋದಾಗ ಅವನು ಕಣ್ಣರಳಿಸಿ ಹೇಳಿದ.

"ಅಕ್ಕಾ, ಎಂಥಾ ಮಾವ ಅಳಿಯ ನಿಮ್ಮನೇಲಿ! ಮಾತಾಡ್ತಿಲ್ಲ ಅಂತ ಜನ ಸುಮ್ಮನೆ ಅಂತಾರೆ. ಮೊನ್ನೆ ನಿಮ್ಮಪ್ಪ ಬಂದು ಒಂದು ಡಬ್ಬಿ ಸಾದಾ ಗುಂಡು ತಗೊಂಡು, 'ನಮ್ಮ ಅಳಿಯಂದ್ರಿಗೆ ಬೇಕು' ಅಂದ್ರು. ಅವರು ಆ ಕಡೆ ಹೋದ್ರೋ ಇಲ್ವೋ, ನಿಮ್ಮೆಜಮಾನ್ರು ಬಂದು ಒಂದು ಡಬ್ಬಿ ಮ್ಯಾಚ್ ಗುಂಡು ತಗೊಂಡು, 'ನಮ್ಮ ಮಾವನಿಗೆ' ಅಂದ್ರು. ನನ್ನ ಕಣ್ಣಲ್ಲಿ ನೀರೇ ಬಂತು."

ಅವಳ ಕೈಯಿಂದ ಸೀಟಿ ಕೆಳಗೆ ಬಿತ್ತು.

ಅಪ್ಪ ಅಳಿಯನಿಗೆ ಒಂದು ಗುಂಡನ್ನೂ ಕೊಟ್ಟಿರಲಿಲ್ಲ, ಅಳಿಯ ಮಾವನಿಗೂ ಕೊಟ್ಟಿರಲಿಲ್ಲ. ಹಾಗಾದರೆ ಆ ಗುಂಡುಗಳು ಎಲ್ಲಿಗೆ ಹೋದವು? ಅರ್ಥವಾಗಲು ಅವಳಿಗೆ ಬಹಳ ಹೊತ್ತು ಬೇಕಾಗಲಿಲ್ಲ. ಅಪ್ಪ ತಮ್ಮ ಮುದ್ರೆಯ ಡಬ್ಬಿಯೊಳಗೆ ಆಗಲೇ ಸಾದಾ ಗುಂಡಿನ ತಟ್ಟೆ ಜಾರಿಸಿಕೊಂಡಿದ್ದರು. ಗಂಡ ತನ್ನ ಸಾದಾ ಡಬ್ಬಿಯೊಳಗೆ ಆಗಲೇ ಮ್ಯಾಚ್ ಗುಂಡು ಅಡಗಿಸಿಕೊಂಡಿದ್ದ. ಇಬ್ಬರೂ ಸೋಲು ಒಪ್ಪದೆ, ಕದ್ದುಮುಚ್ಚಿ ಸರಿದಾರಿಗೆ ಬಂದಿದ್ದರು. ಅವಳು ಬೆಳಗ್ಗೆದ್ದು ಎರಡನ್ನೂ ಮತ್ತೆ ಅದಲುಬದಲು ಮಾಡಿ, ಮೊದಲಿದ್ದ ಎಡವಟ್ಟಿಗೇ ತಂದು ನಿಲ್ಲಿಸಿದ್ದಳು. ಮಾಡಿದ್ದುಣ್ಣೋ ಮಹರಾಯ.

ಹೇಳಿಬಿಡೋಣವೆಂದು ಕಟಕಟೆಗಳತ್ತ ಓಡಿದಳು. ಅಷ್ಟರಲ್ಲಿ ಕ್ಲಬ್ಬಿನ ಅಧ್ಯಕ್ಷರಾದ ಹಲ್ಲಿನ ಡಾಕ್ಟರು, "ಬನ್ನಿ ಬನ್ನಿ, ನಿಮಗೇ ಕಾಯ್ತಿದ್ದೀವಿ," ಎಂದು ನಿಯಮದ ಹಲಗೆಯ ಮುಂದೆ ಅವಳನ್ನು ನಿಲ್ಲಿಸಿದರು. ಪ್ರತಿ ವರ್ಷದಂತೆ ಅವಳು ಗಟ್ಟಿಯಾಗಿ ಓದಬೇಕು. ಗುಂಡು ಸಿಕ್ಕಿಕೊಂಡರೆ ಪಿಸ್ತೂಲನ್ನು ಗುರಿಯ ಕಡೆಗೇ ಹಿಡಿದು ಕೈ ಎತ್ತಬೇಕು. ಆ ಸುತ್ತನ್ನು ಒಂದೇ ಒಂದು ಸಲ ಮತ್ತೆ ಹೊಡೆಯಬಹುದು. ಜೊತೆಗಾರನಿಂದ ಗುಂಡು ಪಡೆಯಬಹುದು, ಆದರೆ ಇಲ್ಲಿಯವರೆಗೆ ಏನು ಹಾಕಿದ್ದೆ, ಇನ್ನು ಏನು ಹಾಕುತ್ತೇನೆ ಎಂಬುದನ್ನು ಎಲ್ಲರಿಗೂ ಕೇಳುವ ಹಾಗೆ ಕೂಗಿ ಹೇಳಬೇಕು.

ಕೊನೆಯ ನಿಯಮಕ್ಕೆ ಬಂದಾಗ ಅವಳ ದನಿ ಇಳಿಯಿತು. ಪಂದ್ಯದ ಹೊತ್ತಿನಲ್ಲಿ ರೇಂಜ್ ಅಧಿಕಾರಿ ಯಾರಿಗೂ ಸಲಹೆ ಕೊಡಬಾರದು, ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸಬಾರದು. ಹಿಂದೊಮ್ಮೆ ಮುನಿಸಿಕೊಂಡ ಗಂಡಹೆಂಡತಿ ಜೋಡಿಯೊಂದು ಪಂದ್ಯ ಪೂರ್ತಿ ಇವಳನ್ನು ಅತ್ತಿಂದಿತ್ತ ಓಡಿಸಿದ ಮೇಲೆ, ಈ ನಿಯಮವನ್ನು ಹಟ ಹಿಡಿದು ಹಲಗೆಗೆ ಬರೆಸಿದವಳು ಇವಳೇ.

ಸೀಟಿ ಊದಿದಳು. ಸಾಲಿನಲ್ಲಿ ಮೊದಲಿಗೆ ಪ್ರತಿ ವರ್ಷ ಗೆಲ್ಲುವ ನರ್ಸ್ ಅಕ್ಕತಂಗಿಯರು, ಕೊನೆಗೆ ಅಪ್ಪ, ಅವರ ಪಕ್ಕ ಗಂಡ. ಅಪ್ಪನ ಮುಖದಲ್ಲಿ ಕಳ್ಳ ನಗು, ಗಂಡನ ಮುಖದಲ್ಲೂ ಅದೇ. ಪಾಪ, ಇಬ್ಬರೂ ಇವತ್ತು ತಮ್ಮ ಪಿಸ್ತೂಲು ಬೆಣ್ಣೆಯ ಹಾಗೆ ನಡೆಯುತ್ತದೆಂದು ನಂಬಿ ನಿಂತಿದ್ದರು.

ಢಂ. ಅಜ್ಜಿ ಒಂದು ಹೊಡೆದು, ಖಾಲಿ ಕೊಳವೆ ಕಚ್ಚಿಕೊಂಡು ನಿಂತಳು. ಮದುಮಗಳು ಅಷ್ಟನ್ನೂ ಮಾಡಲಿಲ್ಲ. ಮೊದಲ ಗುಂಡಿಗೇ ಬಾಯಿ ಅರೆ ತೆರೆದು ಮುಷ್ಕರ ಹೂಡಿದಳು. ಮಾವನ ಕೈ ಮೇಲೆದ್ದಿತು, ಅಳಿಯನ ಕೈ ಮೇಲೆದ್ದಿತು. ಅವಳು ಮುಖ ಬಿಗಿದುಕೊಂಡು ಹೋಗಿ ಎರಡನ್ನೂ ಬಿಡಿಸಿಕೊಟ್ಟಳು. ಇನ್ನೊಂದೇ ಅವಕಾಶ ಎಂದಳು.

ಅಪ್ಪ ಡಬ್ಬಿಯನ್ನು ದಿಟ್ಟಿಸಿದರು. ಒಂದು ಗುಂಡು ತೆಗೆದು ತಳ ನೋಡಲು ಹೋದರು. ಆದರೆ ಅವರ ಕಣ್ಣ ಮೇಲಿದ್ದದ್ದು ಮಗಳೇ ಮಾಡಿಕೊಟ್ಟ ಗುರಿಯ ಕನ್ನಡಕ. ಅದರಲ್ಲಿ ತೋಳುದ್ದ ದೂರದ ಪಿಸ್ತೂಲಿನ ತುದಿ ಮಾತ್ರ ಸ್ಪಷ್ಟ. ಗುಂಡನ್ನು ದೂರ ಹಿಡಿದರೆ ಅಕ್ಷರ ಇರುವೆಯ ಕಣ್ಣಿನಷ್ಟು, ಹತ್ತಿರ ತಂದರೆ ಬರೀ ಮಂಜು. ಓದುವ ಕನ್ನಡಕ ಹೊರಗೆ ಕೋಟಿನ ಜೇಬಿನಲ್ಲಿ, ಕಟಕಟೆ ಬಿಟ್ಟು ಹೋಗುವ ಹಾಗಿಲ್ಲ.

"ಮಗಳೇ," ಎಂದು ಹಿಂದಕ್ಕೆ ತಿರುಗಿದರು.

ಅವಳು ಹಲಗೆ ತೋರಿಸಿದಳು. "ಪಂದ್ಯ ಮುಗಿಯೋವರೆಗೂ ನಾನು ಮಗಳಲ್ಲ ಅಪ್ಪ."

"ಹಾಗಾದ್ರೆ ನಿನ್ನ ಗಂಡಂಗೆ ಹೇಳು..."

"ಅದೂ ಆಗಲ್ಲ."

ಅಪ್ಪ ಗುಂಡು ಹಿಡಿದುಕೊಂಡು ನಿಂತರು. ಶೆಡ್ಡಿನಲ್ಲಿ ಎಲ್ಲರೂ ಹೊಡೆಯುವುದು ನಿಲ್ಲಿಸಿ ಕಾಯುತ್ತಿದ್ದರು. ಸಿಕ್ಕಿಕೊಂಡದ್ದು ಪಿಸ್ತೂಲಿನ ಗುಂಡು ಮಾತ್ರವಲ್ಲ, ಮಾತೂ. ಕೊನೆಗೆ ಪಕ್ಕದ ಕಟಕಟೆಯತ್ತ ಕೈ ಚಾಚಿದರು. ಇಬ್ಬರ ಕಿವಿಯ ಮೇಲೂ ಕಿವಿಮುಚ್ಚುಗ. ಮೆತ್ತಗೆ ಹೇಳಿದರೆ ಕೇಳುವಂತಿರಲಿಲ್ಲ. ಬೇಸಿಗೆಯಿಂದ ಕಟ್ಟಿಟ್ಟ ಮಾತು ಹೀಗೆ ತಗಡಿನ ಮಾಡು ಅದುರುವ ಹಾಗೆ ಹೊರಬಿತ್ತು:

"ಅಳಿಯಂದ್ರೇ! ಇದರ ತಳದಲ್ಲಿ ಏನು ಬರೆದಿದೆ ನೋಡಿ!"

ಅವನು ಬೆಚ್ಚಿಬಿದ್ದು ತಿರುಗಿದ. ಗುಂಡು ತೆಗೆದುಕೊಂಡು ಬೆಳಕಿಗೆ ಹಿಡಿದ.

"ಮ್ಯಾಚ್ ಗುಂಡು ಮಾವ! ಡಬ್ಬಿ ಮೇಲೆ ಏನಿದೆಯೋ ಒಳಗೂ ಅದೇ ಇದೆ!"

"ಅದೇ ತೊಂದರೆ!" ಎಂದು ಕೂಗಿದರು ಅಪ್ಪ. "ಅದು ಇರಬಾರದಿತ್ತು!"

ಅಳಿಯ ಅವರ ಮುಖ ನೋಡಿದ, ತನ್ನ ಡಬ್ಬಿಯ ಗುಂಡೊಂದನ್ನು ತಿರುಗಿಸಿ ನೋಡಿದ. ಸಾದಾ. ಅವನಿಗೆ ತಿಳಿಯಿತು. ಅವನು ಅಂಗಡಿಯವನು, ಮುಖ ಉಳಿಸಿಕೊಳ್ಳುವ ದಾರಿ ನೂರು ಗೊತ್ತು. ಅದರಲ್ಲೊಂದನ್ನು ಹಿಡಿಯಬಹುದಿತ್ತು. ಹಿಡಿಯಲಿಲ್ಲ, ಅದಕ್ಕೇ ಅವಳು ಅವನನ್ನು ಕಟ್ಟಿಕೊಂಡದ್ದು ಎಂದು ಆ ಕ್ಷಣ ಅವಳಿಗೆ ಮತ್ತೆ ನೆನಪಾಯಿತು.

"ನಂದೂ ಅದೇ ಕಥೆ ಮಾವ! ನಾನೂ ಒಳಗೆ ನಿಮ್ಮ ಥರದ ಮ್ಯಾಚ್ ಗುಂಡು ತಂದು ಇಟ್ಕೊಂಡಿದ್ದೆ! ಎರಡೂ ಒಂದೇ ಅಂದಿದ್ದು ಸುಳ್ಳು!"

ಈಗ ನಿಯಮದಂತೆ ಘೋಷಣೆ ಆಗಬೇಕು. ಅಪ್ಪ ಎದೆ ಸೆಟೆಸಿ, ಕಚೇರಿಯಲ್ಲಿ ವರದಿ ಒಪ್ಪಿಸುವ ದನಿಯಲ್ಲಿ ಕೂಗಿದರು: "ಇಲ್ಲೀವರೆಗೆ ಹಾಕಿದ್ದು ಮ್ಯಾಚ್ ಗುಂಡು. ಇನ್ನು ಮೇಲೆ ಹಾಕೋದು ಸಾದಾ. ನನ್ನ ಡಬ್ಬಿ ಮುದ್ರೆ ಒಂದು, ಒಳಗೆ ಇಟ್ಟಿದ್ದ ಸರಕು ಇನ್ನೊಂದು. ಇಂಥಾ ಕೆಲಸ ಮಾಡಿದವರ ಅಂಗಡಿಗೆ ನಾನು ಬೀಗ ಹಾಕಿಸಿದ್ದೀನಿ. ಬರೆದುಕೊಳ್ಳಿ!"

ಬೇಲಿಯೇ ಎದ್ದು ಹೊಲ ಮೇಯ್ದ ವರದಿ ಕೇಳಿ ನರ್ಸ್ ಅಕ್ಕತಂಗಿಯರು ಬಾಯಿಗೆ ಕೈ ಅಡ್ಡ ಹಿಡಿದರು. ಬೀಗದಣ್ಣ ಮಾತ್ರ ಬಾಗಿಲಲ್ಲಿ ನಿಂತು ಮತ್ತೆ ಕಣ್ಣೊರೆಸಿಕೊಂಡ. ಎರಡು ತಟ್ಟೆಗಳು ಕಟಕಟೆಯ ಮೇಲಿಂದ ಅದಲುಬದಲಾದವು. ಕೊಡುವಾಗ ಅಪ್ಪನ ಕೈ ಅಳಿಯನ ಕೈಯ ಮೇಲೆ ಸ್ವಲ್ಪ ಹೊತ್ತು ಹೆಚ್ಚಿಗೇ ನಿಂತಿತು. ಅವಳಿಗೆ ಕಣ್ಣು ತುಂಬಿ, ಸುರಕ್ಷತೆಯ ಕನ್ನಡಕ ಮಸುಕಾಗಿ, ಸೀಟಿ ಊದಲು ಡಾಕ್ಟರು ಎರಡು ಸಲ ನೆನಪಿಸಬೇಕಾಯಿತು.

ಆಮೇಲೆ ಅಜ್ಜಿ ಗುಡುಗಿದಳು, ಮದುಮಗಳು ಒಂದನ್ನೂ ತಪ್ಪದೆ ನುಂಗಿದಳು. ಆದರೂ ಗೆದ್ದವರು ನರ್ಸ್ ಅಕ್ಕತಂಗಿಯರೇ. ಇವರಿಗೆ ಮೂರನೆಯ ಸ್ಥಾನ, ಅದೂ ಪಂದ್ಯಕ್ಕೆ ನಿಂತಿದ್ದ ಕ್ಷೌರದಂಗಡಿಯವನಿಗೆ ನಡುವೆ ಸೀನು ಬಂದಿದ್ದರಿಂದ.

ವಾಪಸು ಬರುವಾಗ ಅಪ್ಪ ಮುಂದಿನ ಸೀಟಿನಲ್ಲಿ ಕೂತರು. ಎಷ್ಟೋ ಭಾನುವಾರಗಳಿಂದ ಅವರು ಹಿಂದೆ ಕೂತು ಕಿಟಕಿ ನೋಡುತ್ತಿದ್ದವರು. ಇಬ್ಬರೂ ಒಟ್ಟಿಗೇ ಮಾತಾಡುತ್ತಿದ್ದರು; ಯಾರು ಯಾರ ಮಾತು ಕೇಳುತ್ತಿದ್ದರೋ ದೇವರೇ ಬಲ್ಲ. ಅಜ್ಜಿಯ ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸಿದರೆ ಮ್ಯಾಚ್ ಗುಂಡನ್ನೂ ತಿಂದಾಳು ಎಂದು ಅಳಿಯ, ಮುದುಕಿಗೆ ಆಪರೇಷನ್ ಬೇಡ ಎಂದು ಮಾವ. ಹಿಂದಿನ ಸೀಟಿನಲ್ಲಿ ಅವಳಿಗೆ ತಲೆನೋವು ಶುರುವಾಯಿತು. ಎಂಥಾ ಒಳ್ಳೆಯ ತಲೆನೋವು.

ತಿರುವಿನಲ್ಲಿ ಅಪ್ಪ ಥಟ್ಟನೆ ಮಾತು ಬದಲಿಸಿದರು.

"ಅಲ್ಲ ಅಳಿಯಂದ್ರೇ, ನನ್ನದನ್ನ ನೀವು ಬದಲಾಯಿಸ್ಲಿಲ್ಲ ತಾನೇ?"

"ಇಲ್ಲ ಮಾವ. ನನ್ನದನ್ನ ನೀವು?"

"ನಾನ್ಯಾಕೆ ಮುಟ್ಲಿ? ಮತ್ತೆ ಮನೇಲಿ..."

ಕಾರು ನಿಧಾನವಾಯಿತು. ಇಬ್ಬರೂ ಒಟ್ಟಿಗೇ ತಿರುಗಿ ಹಿಂದಿನ ಸೀಟು ನೋಡಿದರು. ಅವಳು ಕಿಟಕಿಯಾಚೆ ಏನೋ ಬಹಳ ಮುಖ್ಯವಾದದ್ದನ್ನು ಕಂಡವಳಂತೆ ಕುತ್ತಿಗೆ ಚಾಚಿದಳು. ಕಿವಿ ಕೆಂಪಾದದ್ದು ಅವಳ ಕೈಮೀರಿತ್ತು.

ಅಪ್ಪ ಮುಂದಕ್ಕೆ ತಿರುಗಿ ಕೂತರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗದವರ ದನಿಯಲ್ಲಿ ಅಂದರು: "ಅಳಿಯಂದ್ರೇ, ನಿಮ್ಮ ಹೆಂಡತಿಗೆ ಹೇಳಿ. ಕನ್ನಡಕದಂಗಡಿ ಇಟ್ಟೋಳು ತಳದ ಅಕ್ಷರ ಓದಬೇಕಿತ್ತು ಅಂತ."

"ಹೇಳ್ತೀನಿ ಮಾವ," ಅಂದ ಅವನು, ಕನ್ನಡಿಯಲ್ಲಿ ಅವಳನ್ನು ನೋಡುತ್ತ. "ಕೇಳಿಸ್ತಾ?"

"ಕೇಳಿಸ್ತು ಅಂತ ಹೇಳಿ," ಅಂದಳು.

ಅಪ್ಪ ಮೂಗು ಒರೆಸಿಕೊಂಡರು. "ಇನ್ನೂ ಒಂದು ಹೇಳಿ. ಮನೆಗೆ ಹೋದ ತಕ್ಷಣ ಆ ಟ್ರಂಕನ್ನ ಅಟ್ಟಕ್ಕೆ ಹಾಕ್ಬೇಕು, ನೀವೂ ನಾನೂ ಎತ್ತೋಣ. ಅವಳು ಏಣಿ ಗಟ್ಟಿಯಾಗಿ ಹಿಡ್ಕೊಳ್ಳಲಿ ಅಂತ."